ಬೀಗರ ಮುಂದೆ ಅತ್ತದ್ದು

ಇವತ್ತು ಬೆಳಿಗ್ಗೆ ಗಡ್ಡದ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊರಬದ ನಮ್ಮ ಬೀಗರು ನೆನಪಾದರು. ಅವರಿಗೂ ಸೋಪಿಗೂ ಎಲ್ಲಿಯ ಸಂಬಂಧ ಅಂತೀರಾ? ಇದೆ, ಕೇಳಿ.

ಎರಡು ವರ್ಷದ ಹಿಂದೆ ನನಗೆ ಎದೆ ಸೀಳಿ ಬೈಪಾಸ್ ಮಾಡಿದರು. ಶಿಕಾರಿಪುರಕ್ಕೆ ವಾಪಸು ಬಂದ ಮೇಲೆ ಗಾಯ ಮಾಯಿತು, ಮನಸ್ಸು ಮಾತ್ರ ಮೇಲೇಳಲಿಲ್ಲ. ಊಟ ಬೇಡ, ಸ್ನಾನ ಬೇಡ, ಯಾಕಾದರೂ ಉಳಿದೆನೋ ಅನ್ನಿಸುತ್ತಿತ್ತು. ಗೋಡೆ ಕಡೆ ತಿರುಗಿ ಅಳುತ್ತಿದ್ದೆ. ನೋಡಲು ಬಂದವರಿಗೆಲ್ಲ "ಆರಾಮ್ ಅದೀನ್ರೀ" ಎನ್ನುತ್ತಿದ್ದೆ. ಆಯುಷ್ಯವೆಲ್ಲ ಗೊಬ್ಬರದಂಗಡಿಯಲ್ಲಿ ಕೂತು ಗಿರಾಕಿಗಳಿಗೆ ನಗು ಹಂಚಿದವನಿಗೆ ಅಷ್ಟು ಸುಳ್ಳು ಕಷ್ಟವೇ?

ಹೆಂಡತಿ ಹೇಳಿ ಹೇಳಿ ಸೋತು ಬ್ರಹ್ಮಾಸ್ತ್ರ ಬಿಟ್ಟಳು. "ನಾಳೆ ಬೀಗರು ಬರ್ತಾರಂತ್ರೀ."

ಮಗಳ ಮಾವ! ಯಮ ಬಂದರೂ ಮಲಗಿಕೊಂಡೇ ಮಾತಾಡಿಸಬಹುದು, ಬೀಗರ ಮುಂದೆ ಆಗುತ್ತದೆಯೇ? ಎದ್ದೆ, ಗಡ್ಡ ಹೆರೆದೆ, ಇಸ್ತ್ರಿ ಪಂಚೆ ಉಟ್ಟು ದಿವಾನರ ಹಾಗೆ ಕುರ್ಚಿಯಲ್ಲಿ ಕೂತೆ.

ಬಂದವರೇ ಮೇಲಿಂದ ಕೆಳಗೆ ನೋಡಿ, "ಏನ್ ಬೀಗ್ರೇ, ಇನ್ನೊಂದು ಮದುವೆಗೆ ಹೊರಟಂಗೆ ಕೂತೀರಲ್ಲ!" ಎಂದರು. ನಗಲು ಬಾಯಿ ತೆರೆದೆ, ಅಳು ಬಂತು. ಛೇ, ಎಲ್ಲರನ್ನೂ ಬಿಟ್ಟು, ಮಗಳನ್ನು ಕೊಟ್ಟ ಮನೆಯವರ ಮುಂದೆ! ಮಾನ ಹರಾಜಾಯಿತು ಎಂದುಕೊಂಡೆ.

ಬೀಗರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅವರಿಗೂ ಕೆಲವು ವರ್ಷ ಮೊದಲು ಇದೇ ಆಪರೇಷನ್ ಆಗಿತ್ತು.

"ಅಳ್ರೀ, ಏನಾಗಲ್ಲ. ನಾನೂ ಕೊಟ್ಟಿಗೆಗೆ ಹೋಗಿ ಅಳ್ತಿದ್ದೆ. ನನ್ನ ಮುಖ ನೋಡಿ ಎಮ್ಮೆ ಮೇವು ಬಿಡ್ತು ಮಾರಾಯ್ರೆ!" ಆಮೇಲೆ ದನಿ ತಗ್ಗಿಸಿದರು. "ಮನಸ್ಸಿನ ಡಾಕ್ಟ್ರ ಹತ್ರ ಹೋಗಿ ಮಾತ್ರೆ ತಗಂಡೆ. ಸುಮಾರು ಜನಕ್ಕೆ ಹಿಂಗಾಗುತ್ತಂತೆ. ಆಗ ನಿಮ್ಮನೇಲಿ ಹೆಣ್ಣು ಕೇಳ್ತಿದ್ವಲ್ಲ, ಹಾರ್ಟಿಂದು ಹೇಳಿದ್ವಿ, ಇದನ್ನ ಮುಚ್ಚಿಟ್ವಿ. ತಲೆಕೆಟ್ಟ ಮಾವ ಅಂತ ನೀವು ಹಿಂದೇಟು ಹಾಕಿದ್ರೆ?"

ಹಾಕುತ್ತಿದ್ದೆ, ಅನುಮಾನವೇ ಇಲ್ಲ. ಹಾಗಂತ ಅವರಿಗೆ ಹೇಳಿಯೂ ಬಿಟ್ಟೆ. ಬೀಗರು ಹೊಟ್ಟೆ ಹಿಡಿದು ನಕ್ಕರು, ನಾನು ಎದೆ ಹಿಡಿದು ನಕ್ಕೆ.

ಅದೇ ವಾರ ಆ ಡಾಕ್ಟರ ಹತ್ತಿರ ಅವರೇ ಕರೆದುಕೊಂಡು ಹೋದರು. ಮಾತ್ರೆ ನಾಟುವುದಕ್ಕೆ ತಿಂಗಳುಗಳೇ ಹಿಡಿದವು. ಈಗಲೂ ಒಮ್ಮೊಮ್ಮೆ ಮಂಕು ಕವಿಯುತ್ತದೆ, ಇವತ್ತೂ ಕವಿದಿದೆ. ಸೊರಬಕ್ಕೆ ಫೋನ್ ಮಾಡಿದೆ.

"ಹೆಂಗದೀರಿ ಬೀಗ್ರೇ?"

"ಚೆನ್ನಾಗಿಲ್ರೀ" ಎಂದೆ.

ಅವರು, "ನಾನೂ ಚೆನ್ನಾಗಿಲ್ಲ. ತಡೀರಿ, ಬಂದೆ" ಎಂದರು.

ಊಟಕ್ಕೆ ಬೀಗರು ಬರುತ್ತಾರೆಂದು ಹೆಂಡತಿಗೆ ಹೇಳಿದೆ.

"ಏನ್ರೀ ವಿಶೇಷ?"

"ಇಬ್ಬರಿಗೂ ಮನಸ್ಸು ಸರಿಯಿಲ್ಲ."

ಅವಳು ಮತ್ತೊಂದು ಪಾವು ಅಕ್ಕಿ ತೊಳೆಯಲು ಎದ್ದಳು.