ಮಡಿ ಮಾಡಲು ಬಂದವಳು

ದೆವ್ವ, ಪೀಡೆ, ಗಾಳಿ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಕಣ್ಣಾರೆ ಕಂಡೆ ಎಂದರೆ, "ಊಟಕ್ಕೆ ಏನಿತ್ತಪ್ಪಾ?" ಎಂದು ಕೇಳಿ ನಗುತ್ತಿದ್ದೆ. ಈಗ ಹಾಗೆ ಕೇಳುವ ಧೈರ್ಯ ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಂಬುವುದು, ಬಿಡುವುದು ಓದುಗರಿಗೆ ಸೇರಿದ್ದು.

ಮೂವತ್ತರ ದಶಕದ ಕೊನೆಯ ವರ್ಷಗಳು. ನಾನು ಹೊನ್ನಾಳಿಯಲ್ಲಿ ಶಾಲೆಯ ಮೇಷ್ಟ್ರು. ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟ್ ಜನರ ಹಳೆಯ ಕಥೆಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ಅವುಗಳಲ್ಲಿ ಹೊಳೆಯಲ್ಲಿ ಬಟ್ಟೆ ಒಗೆಯುವವಳ ಕಥೆಯೂ ಒಂದು. ಅವಳು ಹೆರಿಗೆಯಲ್ಲಿ ತೀರಿಕೊಂಡ ಹೆಣ್ಣು. ಯಾರಿಗೆ ಸಾವು ಹತ್ತಿರವಾಗಿದೆಯೋ ಅವರ ಬಟ್ಟೆಯನ್ನು ಒಗೆಯುತ್ತಿರುತ್ತಾಳೆ. ಧೈರ್ಯವಂತನೊಬ್ಬ ಅವಳಿಗೂ ನೀರಿಗೂ ನಡುವೆ ನಿಂತು ತಡೆದರೆ ಬಂದ ಸಾವು ಹಿಂದಿರುಗುತ್ತದೆ. ಅವಳಿಗೆ ನಾನು ಮಡಿಯವ್ವ ಎಂದು ಹೆಸರಿಟ್ಟೆ. ಮಡಿ ಎಂದರೆ ಒಗೆದ ಬಟ್ಟೆ. ಮಡಿ ಎಂದರೆ ಸಾಯು ಎಂದೂ ಆಗುತ್ತದೆ. ಇಂಥ ಹೆಸರು ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೆಂಡತಿ ಗಿರಿಜೆಗೆ ಮಾತ್ರ ಅದು ಹಿಡಿಸಲಿಲ್ಲ. ಅವಳು ಆಗ ತುಂಬು ಬಸುರಿ, ಚೊಚ್ಚಲು. ಅವಳನ್ನು ಹೆತ್ತ ದಿನವೇ ಅವಳ ತಾಯಿ ತವರೂರು ಕತ್ತಲಗೆರೆಯಲ್ಲಿ ತೀರಿಕೊಂಡಿದ್ದರು. ತವರಿನಲ್ಲಿ ಬಾಣಂತನ ಮಾಡುವವರಿಲ್ಲದೆ ನಮ್ಮ ಮನೆಯಲ್ಲೇ ಉಳಿದಿದ್ದಳು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಸುತ್ತಬಾರದು, ಹಳೆಯದೇ ಆಗಬೇಕು ಎಂಬುದು ನಮ್ಮ ಕಡೆಯ ರೂಢಿ. ತಾಯಿಯದೆಂದು ಅಜ್ಜಿ ಕಾಪಾಡಿ ಕೊಟ್ಟಿದ್ದ ಕೆಂಪು ಅಂಚಿನ ಹಸಿರು ಸೀರೆಯನ್ನು ಗಿರಿಜೆ ಹರಿದು, ತುಂಡುಗಳನ್ನು ತಲೆದಿಂಬಿನ ಬಳಿ ಮಡಿಚಿಟ್ಟಿದ್ದಳು.

"ಹೊಳಿ ದಂಡೇಲಿ ಸಾವು ಕೂರಿಸ್ಬ್ಯಾಡ್ರಿ. ನಾವು ದಿನಾ ನೀರು ತರೋ ಜಾಗ ಅದು," ಎಂದಳು. ನಾನು ನಕ್ಕುಬಿಟ್ಟೆ.

ಅಮಾವಾಸ್ಯೆಯ ದಿನ ಬೆಳಗಿನಿಂದ ನೋವು ಶುರುವಾಯಿತು. ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಹೊರಗೆ ಬಂದು, "ಮೇಷ್ಟ್ರೆ, ನನ್ ಕೈಲಿ ಆಗಂಗಿಲ್ಲ. ಹೊಳಿ ಆಚೆ ಸೂಲಗಿತ್ತಿ ಅದಾಳೆ, ಕರ್ಕೊಂಬರಾಕೆ ಓಡ್ರಿ," ಎಂದಳು.

ಬೇಸಿಗೆಯಾದ್ದರಿಂದ ಹೊಳೆ ಹಾಯುವಷ್ಟೇ ಇತ್ತು. ಮಟಮಟ ಮಧ್ಯಾಹ್ನ, ನರಪಿಳ್ಳೆಯ ಸುಳಿವಿಲ್ಲ. ಅಮಾವಾಸ್ಯೆಯಂದು ನಮ್ಮೂರಲ್ಲಿ ಯಾರೂ ಹೊಳೆಗೆ ಬಟ್ಟೆ ತರುವುದಿಲ್ಲ. ಆದರೂ ಹಾಯುವ ಜಾಗದಲ್ಲೇ ಒಬ್ಬ ಹೆಂಗಸು ಕಲ್ಲಿನ ಮುಂದೆ ಬಗ್ಗಿ ಒಗೆಯುತ್ತಿದ್ದಳು. ಕೈಯಲ್ಲಿ ಹಸಿರು ಸೀರೆಯ ತುಂಡು, ಅದೇ ಕೆಂಪು ಅಂಚು.

"ಯಾರದಮ್ಮಾ ಆ ಬಟ್ಟೆ?"

"ಬಾಣಂತಿ ಮನೇದಪ್ಪಾ. ಮಡಿ ಮಾಡಾಕೆ ಬಂದೀನಿ," ಎಂದಳು.

ಮಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಬರೆದ ಕಥೆಯೆಲ್ಲ ಕಣ್ಣ ಮುಂದೆ ಬಂತು. ನೀರಿಗಿಳಿದು ಅವಳಿಗೆ ಅಡ್ಡವಾಗಿ ನಿಂತು, "ಬ್ಯಾಡಮ್ಮಾ, ಒಗೀಬ್ಯಾಡ," ಎಂದು ಕೈ ಮುಗಿದೆ. ಅವಳು ತಲೆ ಎತ್ತಿದಳು. ಗಿರಿಜೆಗಿಂತ ಚಿಕ್ಕ ವಯಸ್ಸು. ಮುಖದಲ್ಲಿ ಕೋಪವಿರಲಿಲ್ಲ, ಏನನ್ನೋ ಬೇಡುವಂತಿತ್ತು. ಅರ್ಧ ಒಗೆದ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು ದಂಡೆ ಹತ್ತಿದಳು. ನಾನು ಕಾಲು ಜಾರಿ ಬೀಳುವಂತಾಗಿ ಸಾವರಿಸಿಕೊಂಡು ನೋಡುವಷ್ಟರಲ್ಲಿ ದಂಡೆ ಬರಿದಾಗಿತ್ತು.

ಸೂಲಗಿತ್ತಿ ಬಂದಳು. ಹೊತ್ತು ಮುಳುಗುವ ಮುಂಚೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಸೀರೆಯ ತುಂಡುಗಳು ತಲೆದಿಂಬಿನ ಬಳಿ ಇಟ್ಟಂತೆಯೇ ಇದ್ದವು.

ಗಿರಿಜೆ ಎದ್ದು ಓಡಾಡುವಂತಾದ ಮೇಲೆ ಎಲ್ಲವನ್ನೂ ಹೇಳಿದೆ. ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಹೆದರಲಿಲ್ಲ.

"ಪೂರ್ತಿ ಒಗೆದಿದ್ಲಾ?" ಎಂದು ಕೇಳಿದಳು.

"ಇಲ್ಲ. ನಾನು ಬಿಡಲಿಲ್ಲ."

ಅವಳ ಕಣ್ಣು ತುಂಬಿ ಬಂತು. "ಒಗ್ಯಾಕಾದ್ರೂ ಬಿಡಬೇಕಿತ್ತು ಕಣ್ರೀ. ನಮ್ಮವ್ವ ಮಗಳ ಬಾಣಂತನಕ್ಕೆ ಬಂದಿದ್ಲು," ಎಂದಳು.

ನಾನು ತಡೆದದ್ದರಿಂದ ಇವರಿಬ್ಬರೂ ಉಳಿದರೋ, ಅಥವಾ ಬಾಗಿಲ ತನಕ ಬಂದ ಹೆತ್ತ ತಾಯಿಯೊಬ್ಬಳನ್ನು ಹಿಂದಕ್ಕೆ ಕಳಿಸಿದೆನೋ, ಇಂದಿಗೂ ನನಗೆ ತಿಳಿಯದು. ಮಡಿಯವ್ವನ ಕಥೆಯನ್ನು ಪತ್ರಿಕೆಗೆ ಕಳಿಸಲಿಲ್ಲ. ಅಮಾವಾಸ್ಯೆ ಬಂದರೆ ಗಿರಿಜೆ ಮಗಳ ಒಂದು ಬಟ್ಟೆಯನ್ನು ಒಗೆಯದೆ ಹೊಳೆಯ ಕಲ್ಲಿನ ಮೇಲೆ ಇಟ್ಟು ಬರುತ್ತಾಳೆ. ಆ ಹೊತ್ತಿನಲ್ಲಿ ನಾನು ಹೊಳೆಯ ಕಡೆ ಹೋಗುವುದಿಲ್ಲ.