ಎರಡು ಇಂಜಿನ್ನಿನ ಸಾವ್ಕಾರ್ರು

ಸಾವ್ಕಾರ್ರ ಬಲಗೈ ತೋರುಬೆರಳು ನೇರವಾಗುತ್ತಿರಲಿಲ್ಲ. ನಡುವಿನ ಗಿಣ್ಣಿನ ಹತ್ತಿರ ಸುತ್ತಲೂ ಒಂದು ಬಿಳಿ ಗೆರೆ, ಉಂಗುರ ತೆಗೆದ ಜಾಗದ ಹಾಗೆ. ಅಲ್ಲಿಂದ ಮುಂದಕ್ಕೆ ಬೆರಳು ಬಾಗಿಯೇ ಇರುತ್ತಿತ್ತು. ಅನ್ನ ಕಲಸುವಾಗ ಅಡ್ಡ ಬರುತ್ತಿತ್ತು. ಬಂಗಲೆಗೆ ಬಂದ ನೆಂಟರೆಲ್ಲ ಅದು ದೊಡ್ಡ ಮೀನು ಎಳೆದ ಗುರುತು ಅಂದುಕೊಂಡು ಎಷ್ಟು ರಾತ್ಲಿನ ಮೀನು ಅಂತ ಕೇಳುತ್ತಿದ್ದರು. ಅವರು ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುತ್ತಿರಲಿಲ್ಲ, ಕಾಫಿ ಕುಡೀರಿ ಅನ್ನುತ್ತಿದ್ದರು. ಕಾಫಿ ತರುತ್ತಿದ್ದವಳು ನಾನು. ಅದು ಮೀನಿನ ಗುರುತಲ್ಲ. ಆ ದಾರದ ಇನ್ನೊಂದು ತುದಿಯಲ್ಲಿದ್ದದ್ದು ನನ್ನ ಗಂಡ.

ಕಾಫಿ ತೋಟ ಇದ್ದದ್ದು ಕಾವೇರಿಯ ಆಚೆ ದಡದಲ್ಲಿ, ಸುಂಟಿಕೊಪ್ಪಕ್ಕೆ ಹೋಗುವ ರಸ್ತೆ ಈಚೆ ದಡದಲ್ಲಿ. ಬೇಸಿಗೆಯಲ್ಲಿ ಬಂಡೆ ಮೇಲೆ ಕಾಲಿಟ್ಟು ದಾಟಬಹುದು. ಮಳೆ ಹಿಡಿದರೆ ದೋಣಿಯೇ. ತೋಟದ ಮೊದಲಿನ ಯಜಮಾನ ಒಬ್ಬ ಬಿಳಿ ದೊರೆ, ಮೀನಿನ ಹುಚ್ಚಿನವನು. ಮಂಗಳೂರಿಂದ ಸಮುದ್ರದಲ್ಲಿ ಮೀನು ಹಿಡಿಯುವ ಮೋಟಾರು ದೋಣಿಯೊಂದನ್ನು ಲಾರಿ ಮೇಲೆ ಹಾಕಿಸಿ ತರಿಸಿದ್ದನಂತೆ. ಎರಡು ಪೆಟ್ರೋಲ್ ಇಂಜಿನ್ನಿನ ದೋಣಿ. ನಮ್ಮಲ್ಲಿ ಹೊಳೆ ಒಂದು ಮೈಲಿಯಷ್ಟು ದೂರ ಮಡುವಾಗಿ ನಿಂತು, ಆಮೇಲೆ ಬಂಡೆಸಾಲಿನ ಮೇಲೆ ಬಿದ್ದು ಹೋಗುತ್ತದೆ. ಆ ಒಂದು ಮೈಲಿಗೆ ಅಷ್ಟು ದೊಡ್ಡ ದೋಣಿ. ದೊರೆ ತನ್ನ ಸೀಮೆಗೆ ಹೋಗುವಾಗ ತೋಟವನ್ನು ಸಾವ್ಕಾರ್ರಿಗೆ ಮಾರಿದ. ದೋಣಿ ತೋಟದ ಜೊತೆಗೆ ಬಂತು, ಹುಚ್ಚು ದೋಣಿಯ ಜೊತೆಗೆ ಬಂತು. ಹಣ್ಣು ಕೀಳುವ ಪಿಕ್ಕಿಂಗ್ ಮುಗಿದರೆ ಸಾವ್ಕಾರ್ರು ಮಡುವಿನಲ್ಲೇ. ಮಡಿಕೇರಿಯಿಂದ, ಪೊನ್ನಂಪೇಟೆಯಿಂದ ದೋಸ್ತರು ಬರುತ್ತಿದ್ದರು. ಸಿಕ್ಕಿದ ಮೀನನ್ನು ತೂಗಿ, ಹೊಗಳಿ, ಅರ್ಧದಷ್ಟನ್ನು ಮತ್ತೆ ನೀರಿಗೇ ಬಿಡುತ್ತಿದ್ದರು. ತಿನ್ನದ ಮೀನನ್ನು ಯಾಕೆ ಹಿಡಿಯುತ್ತಾರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾವು ಅರಕಲಗೂಡಿನ ಕಡೆಯವರು. ನನ್ನ ಗಂಡ ಆ ದೋಣಿ ನಡೆಸುತ್ತಿದ್ದ, ನಾನು ಬಂಗಲೆಯ ಅಡಿಗೆಮನೆಯಲ್ಲಿದ್ದೆ. ಮಕ್ಕಳಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿತ್ತು. ಆಷಾಢದ ಮಳೆ. ಲೈನ್ ಮನೆಯ ಕೂಲಿಯವರಿಗೆ ಅಕ್ಕಿ ಬೇಕಾಗಿತ್ತು. ಸಾವ್ಕಾರ್ರೂ ನನ್ನ ಗಂಡನೂ ಈಚೆ ದಡದಿಂದ ಮೂಟೆ ಹೇರಿಕೊಂಡು ಹೊರಟರು. ನಡು ಹೊಳೆಗೆ ಬಂದಾಗ ಒಂದು ಇಂಜಿನ್ ಕೆಮ್ಮಿ ನಿಂತಿತು. ಹಿಂದೆಯೇ ಇನ್ನೊಂದೂ ನಿಂತಿತು. ದೋಣಿ ಬಂಡೆಸಾಲಿಗೆ ಹೋಗಿ ಬಡಿಯಿತು. ಸಾವ್ಕಾರ್ರು ಬಂಡೆಗೆ ಬಿದ್ದರು, ನನ್ನ ಗಂಡ ನೀರಿಗೆ ಬಿದ್ದ. ಅವರ ಕೈಗೆ ಸಿಕ್ಕಿದ್ದು ಮೀನಿನ ದಾರ. ಅದನ್ನೇ ಎಸೆದರು, ಅವನು ಹಿಡಿದುಕೊಂಡ. ಇವರು ತಮ್ಮ ಬೆರಳಿಗೆ ಸುತ್ತಿಕೊಂಡು ಎಳೆದರು. ನಲವತ್ತು ರಾತ್ಲಿನ ಮೀನು ಎಳೆಯುವ ದಾರ ಅದು. ಬೆರಳನ್ನು ಮೂಳೆವರೆಗೆ ಕೊಯ್ದು ಆಮೇಲೆ ತುಂಡಾಯಿತು.

ಇದನ್ನೆಲ್ಲ ಹೇಳಿದ್ದು ಅವರೇ. ಕೈಗೆ ಪಂಚೆ ಸುತ್ತಿಕೊಂಡು ಅಡಿಗೆಮನೆ ಬಾಗಿಲಿಗೆ ಬಂದು ನಿಂತು ಹೇಳಿದರು. ಒಲೆ ಮೇಲೆ ಸಾರು ಕುದಿಯುತ್ತಿತ್ತು. ಇಳಿಸಿದೆ. ಅವನು ಸಿಕ್ಕಲಿಲ್ಲ. ಆ ವರ್ಷದ ಮಳೆ ಮುಗಿದ ಮೇಲೂ ಸಿಕ್ಕಲಿಲ್ಲ. ನನಗೆ ಅಳು ಬರಲಿಲ್ಲ. ಜನ ಅದನ್ನೂ ಆಡಿಕೊಂಡರು.

ನೀರು ಇಳಿದ ಮೇಲೆ ಮರ ಎಳೆಯುವ ಆನೆ ತರಿಸಿ ದೋಣಿಯನ್ನು ದಡಕ್ಕೆ ಎಳೆಸಿದರು. ಹಲಗೆ ಎರಡು ಕಡೆ ಒಡೆದಿತ್ತು, ಮೈ ಗಟ್ಟಿಯಿತ್ತು. ಸಾವ್ಕಾರ್ರು ಅದರ ಪಕ್ಕದಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತು ಇಂಜಿನ್ ಬಿಚ್ಚಿಸಿದರು. ಒಂದು ದಿನ ತೋಟದ ಲೆಕ್ಕ ಬರೆಯುವ ರೈಟರ್ ಅಡಿಗೆಮನೆಗೆ ಬಂದು ನನಗೆ ಸಮಾಧಾನ ಹೇಳುತ್ತಿದ್ದ. ಏನು ಮಾಡೋದಕ್ಕಾ, ದೇವರಿಚ್ಛೆ ಅಂದ. ಹಿಂದಿನಿಂದ ಸಾವ್ಕಾರ್ರು ಬಂದರು.

"ದೇವರಿಚ್ಛೆ ಅಲ್ಲ, ಟ್ಯಾಂಕು" ಅಂದರು.

ರೈಟರ್ ಹೊರಗೆ ಹೋದ. ಅವರು ನನ್ನ ಎದುರಿಗೆ ನಿಂತು ಹೇಳಿದರು. "ನೋಡಮ್ಮ, ಎರಡು ಇಂಜಿನ್ ಇಡೋದು ಒಂದು ನಿಂತರೆ ಇನ್ನೊಂದು ಇರಲಿ ಅಂತ. ಎರಡಕ್ಕೂ ಪೆಟ್ರೋಲ್ ಹೋಗ್ತಿದ್ದದ್ದು ಒಂದೇ ಟ್ಯಾಂಕಿಂದ. ಅದಕ್ಕೆ ಮಳೆ ನೀರು ಇಳಿದಿತ್ತು. ಟ್ಯಾಂಕು ಒಂದೇ ಆದಮೇಲೆ ಎರಡು ಇದ್ದೇನು, ಹತ್ತು ಇದ್ದೇನು."

"ಒಂದೇ ಟ್ಯಾಂಕು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಯೋಚನೆ ಮಾಡಿರ್ಲಿಲ್ಲ."

"ಹಾಗಾದ್ರೆ ತಪ್ಪು ನಿಮ್ದು."

"ಹೌದು. ನಂದೇ."

ಅಷ್ಟು ಹೇಳಿ ಹೋದರು. ಅಡಿಗೆಯವಳು ಹಾಗೆ ಅಂದದ್ದಕ್ಕೆ ಬೇರೆ ತೋಟದಲ್ಲಾಗಿದ್ದರೆ ಸಂಜೆಯೊಳಗೆ ಗಂಟು ಮೂಟೆ ಕಟ್ಟಿಸುತ್ತಿದ್ದರು. ಇವರು ಮಾರನೆಯ ದಿನ ಎಂದಿನ ಹಾಗೆ ಕಾಫಿ ಕೇಳಿದರು, ಕೊಟ್ಟೆ.

ದೋಣಿ ಮಾರಿಬಿಡಿ ಅಂತ ಅಮ್ಮಾವ್ರು, ಅಂದರೆ ಅವರ ಹೆಂಡತಿ, ಹೇಳಿದರು. ಮಾರಿದರೆ ಮಳೆಗಾಲದಲ್ಲಿ ಲೈನಿನವರು ಮತ್ತೆ ತೆಪ್ಪದಲ್ಲೇ ದಾಟಬೇಕು, ಬೇಡ ಅಂದರು ಸಾವ್ಕಾರ್ರು. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಒದ್ದೆಯಾದರೆ ಕಿಡಿ ಹೊತ್ತುವುದಿಲ್ಲ, ಡೀಸೆಲ್ಲಿಗೆ ಆ ರಗಳೆ ಇಲ್ಲ, ಹಾಗಾಗಿ ಡೀಸೆಲ್ ಅಂತ ತೀರ್ಮಾನ ಆಯಿತು. ಯಾವ ಡೀಸೆಲ್ ಅನ್ನುವುದಕ್ಕೆ ವರ್ಷ ಹಿಡಿಯಿತು. ದೋಸ್ತರೆಲ್ಲ ಒಂದೊಂದು ಹೇಳಿದರು. ಹಗುರದ್ದು ಹಾಕಿಸಿ, ಮೀನಿನ ಹಿಂದೆ ಓಡಬೇಕು, ಸದ್ದಾಗಬಾರದು ಅಂದರು. ಒಬ್ಬರು ಹಳೆಯ ಮಿಲಿಟರಿ ಲಾರಿಯ ಇಂಜಿನ್ ಹೊಂದಿಸಿಕೊಡುತ್ತೇನೆ ಅಂದರು. ಸಾವ್ಕಾರ್ರು ಎಲ್ಲರ ಮಾತೂ ಕೇಳಿಸಿಕೊಂಡು ಅಡಿಗೆಮನೆಗೆ ಬಂದು ನನ್ನನ್ನು ಕೇಳಿದರು, ನೀನು ಹತ್ತಿ ಕೂರೋದಾದರೆ ಯಾವುದು ಹಾಕಿಸಲಿ ಅಂತ.

"ಯಾವುದಾದ್ರೂ ನಾನು ಹತ್ತೋದಿಲ್ಲ" ಅಂದೆ.

"ಹತ್ತಬೇಡ. ಹತ್ತೋದಾದ್ರೆ?"

"ನಿಲ್ಲದೇ ಇರೋದು."

ಅವರು ತಲೆ ಆಡಿಸಿದರು. ಆ ವರ್ಷದ ಪಿಕ್ಕಿಂಗಿಗೆ ಒಂದು ಏರ್ಪಾಡು ಮಾಡಿದರು, ಯಾರೂ ಕೇಳಿರದ ಏರ್ಪಾಡು. ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೂ ಇಂಜಿನ್ ಬೇಕಲ್ಲ. ಮೂರು ಬಗೆಯ ಇಂಜಿನ್ ತರಿಸಿ ಅಲ್ಲಿ ಕೂರಿಸಿದರು. ಸರದಿಯಂತೆ ಒಂದೊಂದೂ ಪಲ್ಪರ್ ಎಳೆಯಬೇಕು, ನಿಲ್ಲದೇ ಇದ್ದದ್ದು ದೋಣಿಗೆ. ನನ್ನನ್ನು ಅಡಿಗೆಮನೆ ಬಿಡಿಸಿ ಅಲ್ಲಿಗೆ ಹಾಕಿದರು. ನಾನು ಹಣ್ಣು ಸುರಿಯುತ್ತಾ ಕೇಳಿಸಿಕೊಳ್ಳುವುದು. ಕತ್ತಲಾಗುವಾಗ ಅವರು ಬಂದು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುವುದು.

"ನಿಂತಿತಾ?"

ನಿಂತಿದ್ದರೆ ನಿಂತಿತು ಅನ್ನುತ್ತಿದ್ದೆ. ಇಲ್ಲದಿದ್ದರೆ ಇಲ್ಲ ಅನ್ನುತ್ತಿದ್ದೆ. ಬೇರೆ ಮಾತಿಲ್ಲ.

ಲಾರಿಯ ಇಂಜಿನ್ ಕಾದು ಕಾದು ನಿಲ್ಲುತ್ತಿತ್ತು. ಹಗುರದ್ದು ನೋಡಲು ಚೆಂದ, ಓಡಿದಾಗ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಆದರೆ ಎಣ್ಣೆಯಲ್ಲಿ ಒಂಚೂರು ಕಸ ಬಂದರೆ ಮುಗಿಯಿತು. ರೈಟರಿಗೆ ಅದರ ಮೇಲೆ ಪ್ರೀತಿ. ಅದು ನಿಂತದ್ದನ್ನು ಹೇಳಬೇಡಕ್ಕ, ನಿಮಿಷದಲ್ಲಿ ಸರಿಯಾಯ್ತಲ್ಲ ಅಂದ. ಹೊಳೆ ನಿಮಿಷ ಕಾಯುತ್ತದಾ ಅಂತ ಕೇಳಿದೆ. ಮೂರನೆಯದು ಹೊಲಕ್ಕೆ ನೀರೆತ್ತುವ ದಡೂತಿ. ದೊಡ್ಡ ಚಕ್ರ, ಡುಗು ಡುಗು ಡುಗು ಅಂತ ಒಂದೇ ಸಮ. ಅದು ತಾನಾಗಿ ನಿಲ್ಲಲಿಲ್ಲ. ಯಾವತ್ತೂ ನಾವೇ ನಿಲ್ಲಿಸಬೇಕಾಗಿತ್ತು. ಪಿಕ್ಕಿಂಗ್ ಮುಗಿದಾಗ ಸಾವ್ಕಾರ್ರು ಅದನ್ನೇ, ಅಂಥದ್ದೇ ಇನ್ನೊಂದನ್ನು ಜೊತೆ ಮಾಡಿ ದೋಣಿಗೆ ಹಾಕಿಸಿದರು. ಎಡಕ್ಕೊಂದು ಟ್ಯಾಂಕು, ಬಲಕ್ಕೊಂದು ಟ್ಯಾಂಕು. ಟ್ಯಾಂಕು ಕೂರಿಸುವ ದಿನ ನನ್ನನ್ನು ಕರೆಸಿ ತೋರಿಸಿದರು. ದಡದಲ್ಲೇ ನಿಂತು ನೋಡಿದೆ.

ದೋಣಿ ಮೊದಲಿಗಿಂತ ಒಂದು ಗೇಣು ಕೆಳಗೆ ಕೂತಿತು. ಓಡಿಸಿದರೆ ಬಂಗಲೆಯ ಕಪಾಟಿನಲ್ಲಿ ಪಿಂಗಾಣಿ ತಟ್ಟೆ ನಡುಗುತ್ತಿದ್ದವು. ಮಡುವಿನ ಮೀನೆಲ್ಲ ಎಲ್ಲಿಗೆ ಹೋದವೋ. ದೋಸ್ತರು ಒಂದು ಸಲ ಬಂದರು, ದಿನವೆಲ್ಲ ಗಾಳ ಹಾಕಿ ಬರಿಗೈಯಲ್ಲಿ ಇಳಿದರು. ಪೊನ್ನಂಪೇಟೆಯ ದೋಸ್ತರೊಬ್ಬರು ಕೇಳಿದರು, ಇದೇನು ಸಾವ್ಕಾರ್ರೇ, ಮೀನು ಹಿಡಿಯೋ ದೋಣಿಯೋ ರೈಸ್ ಮಿಲ್ಲೋ ಅಂತ. ಭತ್ತ ತನ್ನಿ, ಅಕ್ಕಿ ಮಾಡಿಕೊಡ್ತೀನಿ ಅಂದರು ಇವರು. ಎಲ್ಲರೂ ನಕ್ಕರು. ಆಮೇಲೆ ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಸಾವ್ಕಾರ್ರು ಬಂಡೆ ಮೇಲೆ ಒಬ್ಬರೇ ಕೂತು ಗಾಳ ಹಾಕುತ್ತಿದ್ದರು. ಬೊಗಸೆಯಷ್ಟು ಮೀನು ಸಿಕ್ಕುತ್ತಿತ್ತು. ಮೊದಲು ಅಂಥದ್ದನ್ನು ಬೆಕ್ಕಿಗೆ ಹಾಕುತ್ತಿದ್ದರು.

ಮಳೆಗಾಲದಲ್ಲಿ ದೋಣಿಯ ಜೊತೆ ತಾವೂ ಹೋಗುತ್ತಿದ್ದರು, ಕೆಲಸ ಇರಲಿ ಇಲ್ಲದಿರಲಿ. ನಡು ಹೊಳೆಗೆ ಬಂದ ಕೂಡಲೇ ಎದ್ದು ನಿಂತು, ಬಂಗಲೆಯ ಜಗಲಿಯಲ್ಲಿ ನಿಂತ ಅಮ್ಮಾವ್ರಿಗೆ ಕಾಣುವ ಹಾಗೆ ಎರಡು ಬೆರಳು ಎತ್ತುತ್ತಿದ್ದರು. ಎರಡೂ ಓಡುತ್ತಿವೆ ಅಂತ. ಒಂದು ಬೆರಳು ಬಾಗಿತ್ತಲ್ಲ, ಅಮ್ಮಾವ್ರು ನನ್ನ ಕಡೆ ತಿರುಗಿ "ಒಂದೂವರೆ ಓಡ್ತಿದೆ ಕಣೆ" ಅಂದು ಒಳಗೆ ಹೋಗುತ್ತಿದ್ದರು. ಆ ಕೈ ಕಾಣುವವರೆಗೆ ಒಳಗೆ ಹೋಗುತ್ತಿರಲಿಲ್ಲ.

ನಾನು ಹತ್ತಲಿಲ್ಲ. ಲೈನಿನವರೆಲ್ಲ ಹತ್ತಿದರು, ಬಸುರಿಯರು ಹತ್ತಿದರು, ಆಡು ಕೋಳಿ ಹತ್ತಿದವು. ನಾನು ಬೇಸಿಗೆಯಲ್ಲಿ ಬಂಡೆ ಮೇಲೆ ನಡೆದು ದಾಟುವುದು, ಮಳೆ ಬಂದರೆ ತೋಟದಲ್ಲೇ ಇರುವುದು. ಒಂದು ಶ್ರಾವಣದಲ್ಲಿ ಊರಿಂದ ಸುದ್ದಿ ಬಂತು, ನನ್ನ ಅವ್ವ ಹೋದಳು ಅಂತ. ಸಾವ್ಕಾರ್ರು ಮಳೆಯಲ್ಲೇ ಲೈನ್ ಮನೆಗೆ ಬಂದರು. ದೋಣಿ ತಯಾರಿದೆ, ಹೊಳೆ ದಾಟಿದರೆ ಜೀಪಿದೆ, ನಾನೂ ಬರ್ತೀನಿ ಅಂದರು. ಬೇಡ ಅಂದೆ.

"ನೀನೇ ಆರಿಸಿದ ಇಂಜಿನ್ ಅಮ್ಮ" ಅಂದರು.

"ಗೊತ್ತು. ಕಾಲು ಏಳೋದಿಲ್ಲ ಸಾವ್ಕಾರ್ರೇ."

ಛತ್ರಿ ಹಿಡಿದುಕೊಂಡು ದಡದ ಕಡೆಗೆ ಹೋದರು. ಅವ್ವನ ಮಣ್ಣಿಗೆ ನಾನು ಹೋಗಲಿಲ್ಲ. ಅವತ್ತು ದೋಣಿ ಕತ್ತಲಾಗುವವರೆಗೆ ದಡದಲ್ಲಿ ಡುಗು ಡುಗು ಅನ್ನುತ್ತಲೇ ಇತ್ತು, ನಿಲ್ಲಿಸಬೇಡ ಅಂತ ದೋಣಿಯವನಿಗೆ ಹೇಳಿ ಹೋಗಿದ್ದರಂತೆ.

ಅವರು ತೀರಿಕೊಂಡದ್ದೂ ಮಳೆಗಾಲದಲ್ಲೇ. ಬೆಳಿಗ್ಗೆ ತಿಂಡಿ ಮುಗಿಸಿ ಏಳುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟರು. ಮೈಯೆಲ್ಲ ಬೆವರು. ಮಡಿಕೇರಿ ಆಸ್ಪತ್ರೆಗೆ ಹೋಗಬೇಕು, ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮಂಚದ ಸಮೇತ ದೋಣಿಗೆ ಇಳಿಸಿದರು. ಅಮ್ಮಾವ್ರಿಗೆ ಮಂಡಿ ಹಿಡಿದುಕೊಂಡಿತ್ತು, ಜಗಲಿ ಮೆಟ್ಟಿಲು ಇಳಿಯುವುದೇ ಕಷ್ಟ, ದಡದ ಕೆಸರಿನಲ್ಲಿ ಇಳಿಯುವ ಮಾತೇ ಇಲ್ಲ. ಮಂಚ ಹಿಡಿದುಕೊಳ್ಳಲು ಇಬ್ಬರು ಆಳು ಇದ್ದರು. ತಲೆ ಹಿಡಿದುಕೊಳ್ಳಲು ಒಬ್ಬರು ಬೇಕಾಗಿತ್ತು. ಅಮ್ಮಾವ್ರು ನನ್ನನ್ನು ನೋಡಿದರು. ನಾನು ಇಳಿದು ಹೋಗಿ ದೋಣಿ ಹತ್ತಿದೆ. ಕಾಲು ಹೇಗೆ ಎದ್ದಿತು ಅಂತ ಕೇಳಿದರೆ ಹೇಳಲು ಗೊತ್ತಿಲ್ಲ.

ದೋಣಿ ನಡೆಸುತ್ತಿದ್ದವನು ತಲಶ್ಶೇರಿ ಕಡೆಯವನು. ಮೀನಿನ ದೋಣಿಯಲ್ಲೇ ಬೆಳೆದವನು, ಮಾತು ಜಾಸ್ತಿ. ಅವತ್ತು ಅವನ ಕಣ್ಣು ನೀರಿನ ಮೇಲೆಯೇ ಇತ್ತು. ನಾನು ಸಾವ್ಕಾರ್ರ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ನೀರು ನೋಡದೆ ಕೂತಿದ್ದೆ. ನಡು ಹೊಳೆಗೆ ಬಂದೆವು. ಎಡಗಡೆ ಏನೋ ಬಡಿದ ಹಾಗಾಯಿತು, ಸದ್ದು ಅರ್ಧ ಆಯಿತು. ಕೊಚ್ಚಿಕೊಂಡು ಬಂದ ಬಿದಿರು ನೀರಿನೊಳಗಿನ ಫ್ಯಾನಿಗೆ ಸಿಕ್ಕಿತ್ತು. ದೋಣಿ ಬಂಡೆಸಾಲಿನ ಕಡೆಗೆ ತಿರುಗಿತು. ಸಾವ್ಕಾರ್ರು ಕಣ್ಣು ಬಿಟ್ಟರು.

"ನಿಂತಿತಾ?"

ಬೇರೆ ಯಾರಾದರೂ ಇಲ್ಲ ಅನ್ನುತ್ತಿದ್ದರೋ ಏನೋ. ನನಗೆ ಅಭ್ಯಾಸ ಇರಲಿಲ್ಲ.

"ಎಡಗಡೆದು ನಿಂತಿತು" ಅಂದೆ.

"ಬಲಗಡೆದು?"

"ಓಡ್ತಿದೆ."

ಅವರು ಕಿವಿಗೊಟ್ಟು ಕೇಳಿದರು. ಡುಗು ಡುಗು ಡುಗು. ತಲಶ್ಶೇರಿಯವನು ಚುಕ್ಕಾಣಿಯ ಮೇಲೆ ಮೈಯೆಲ್ಲ ಹಾಕಿದ. ದೋಣಿ ನಿಧಾನಕ್ಕೆ ಮೂತಿ ತಿರುಗಿಸಿ, ನೀರಿಗೆ ಅಡ್ಡಲಾಗಿ, ಈಚೆ ದಡದ ಕಡೆಗೆ ತೆವಳಿಕೊಂಡು ಹೋಯಿತು.

"ಹಾಗಾದ್ರೆ ಸರಿ" ಅಂದರು ಸಾವ್ಕಾರ್ರು. ಕಣ್ಣು ಮುಚ್ಚಿಕೊಂಡರು.

ದಡ ಮುಟ್ಟಿದೆವು. ಜೀಪಿಗೆ ಹಾಕಿದೆವು. ಮಾರನೆಯ ದಿನ ಆಸ್ಪತ್ರೆಯಲ್ಲಿ, ಒಣ ಹಾಸಿಗೆಯ ಮೇಲೆ ತೀರಿಕೊಂಡರು. ಹೊಳೆಯಲ್ಲಿ ಅಲ್ಲ. ನನ್ನ ಗಂಡ ಹೋದಮೇಲೆ ಆ ದೋಣಿಯಲ್ಲಿ ಯಾರೂ ಸಾಯಲಿಲ್ಲ.

ಅವರ ತಪ್ಪು ಅವರದ್ದೇ. ಅದನ್ನು ನಾನು ಬಿಟ್ಟುಕೊಟ್ಟಿಲ್ಲ, ಅವರೂ ಬಿಡು ಅಂತ ಕೇಳಲಿಲ್ಲ. ನನ್ನ ಮಾತಿಗೆ ಅವರು ಕಟ್ಟುಬಿದ್ದು ಮೀನು ಬಿಟ್ಟರು, ದೋಸ್ತರನ್ನು ಬಿಟ್ಟರು. ಅದೂ ಅವರದ್ದೇ.

ಹೆಣವನ್ನು ತೋಟಕ್ಕೆ ತಂದದ್ದು ಅದೇ ದೋಣಿಯಲ್ಲಿ. ತಲಶ್ಶೇರಿಯವನು ಬಿದಿರು ಬಿಡಿಸಿ ಇಟ್ಟಿದ್ದ. ಇರಿ ಚೇಚಿ, ಅಂದ ತನ್ನ ಮಲಯಾಳದಲ್ಲಿ, ಕೂತ್ಕೋ ಅಕ್ಕ ಅಂತ. ಕೂತೆ. ಮಳೆ ಬಿಟ್ಟಿತ್ತು. ನಡು ಹೊಳೆಗೆ ಬಂದಾಗ ಬಂಗಲೆ ಕಾಣಿಸಿತು. ಜಗಲಿಯಲ್ಲಿ ಅಮ್ಮಾವ್ರು ನಿಂತಿದ್ದರು, ಹಿಂದೆ ಸುಮಾರು ಜನ. ಸುದ್ದಿ ಅವರಿಗೆ ಮೊದಲೇ ಹೋಗಿತ್ತು. ಆದರೂ ಹೊಳೆ ಕಡೆಗೇ ನೋಡುತ್ತಾ ನಿಂತಿದ್ದರು, ಒಳಗೆ ಹೋಗುತ್ತಿರಲಿಲ್ಲ.

ನಾನು ಎದ್ದು ನಿಂತು ಎರಡು ಬೆರಳು ಎತ್ತಿದೆ. ನನ್ನ ಬೆರಳು ನೇರ, ಎರಡೂ ಸರಿಯಾಗಿ ಕಂಡಿರಬೇಕು. ಅಮ್ಮಾವ್ರು ಒಳಗೆ ಹೋದರು.