ಕೀಬೋರ್ಡಿಗೆ ಕೈ ಮುಗಿಯುವ ಅತ್ತೆ

ನಮ್ಮ ಅತ್ತೆ ಕಂಪ್ಯೂಟರ್ ಪರೀಕ್ಷೆ ಪಾಸಾಗುವುದು ಆಗದ ಮಾತು ಅಂದವನು ಬೇರೆ ಯಾರೂ ಅಲ್ಲ, ನಮ್ಮಪ್ಪ. ಅತ್ತೆ ಅವನ ಬೆನ್ನಿಗೆ ಹುಟ್ಟಿದ ತಂಗಿ. ಕಲ್ಮಲದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವಳ ಎದುರಿಗೇ ಅಂದ.

"ಕಳೆ ತಗದ ಕೈ ಅದು. ಆ ಮಷೀನ್ ಮುಂದ ಕುಂತ್ರ ನಡಗತದ. ಆಗಾಂಗಿಲ್ಲ ಬಿಡವಾ."

"ನಿನ್ನ ಮಗಳು ಡಿಗ್ರಿ ಮುಗಸಾಂಗಿಲ್ಲ ಅಂತನೂ ನೀನೇ ಅಂದಿದ್ದಿ, ಯಣ್ಣಾ" ಅಂದಳು ಅತ್ತೆ.

ಅಪ್ಪ ನನ್ನ ಕಡೆ ನೋಡಿದ. ಅವನು ಹಾಗೆ ಅಂದದ್ದು ನಿಜ, ನಾನು ಮುಗಿಸಿದ್ದೂ ನಿಜ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವರೇ ಕಡಿಮೆ. ನಾನು ಹೊಲದ ಕೆಲಸಕ್ಕೆ ರಜೆ ಇದ್ದಾಗ ಓದಿದವಳಲ್ಲ, ಹೊಲದ ಕೆಲಸ ಮುಗಿಸಿ ಬಂದು ಓದಿದವಳು. ರಾಯಚೂರಿನ ಬಸ್ಸಿನಲ್ಲಿ ನಿಂತೇ ಪಾಠ ಉರು ಹೊಡೆದು ಪದವಿ ತಗೊಂಡೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಮೇಲೆ ಅದೇ ರಾಯಚೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಕಲಿಸುವುದು ಮತ್ತು ಅಲ್ಲಿನ ಮಷೀನುಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಸರ್ಕಾರಿ ನೌಕರರ ಕಂಪ್ಯೂಟರ್ ಪರೀಕ್ಷೆಗಳೂ ಅಲ್ಲೇ ನಡೆಯುತ್ತಿದ್ದವು.

ಅತ್ತೆಯನ್ನು ಗಬ್ಬೂರಿಗೆ ಕೊಟ್ಟಿತ್ತು. ಮಾವ ದೇವದುರ್ಗದ ಒಂದು ಕಚೇರಿಯಲ್ಲಿದ್ದ. ಒಂದು ಮುಂಜಾನೆ ಎದೆನೋವು ಅಂದವನು ಮಧ್ಯಾಹ್ನಕ್ಕೆ ಇರಲಿಲ್ಲ. ಅವನ ಸಾವಿನ ಮೇಲೆ ಅತ್ತೆಗೆ ಗುಮಾಸ್ತೆಯ ನೌಕರಿ ಬಂತು. ಆದರೆ ಗೊತ್ತುಮಾಡಿದ ಅವಧಿಯೊಳಗೆ ಕಂಪ್ಯೂಟರ್ ಪರೀಕ್ಷೆ ಪಾಸಾಗದಿದ್ದರೆ ನೌಕರಿ ಕಾಯಂ ಆಗುವಂತಿರಲಿಲ್ಲ. ಮೊದಲ ಸಲ ಮಾನ್ವಿಯ ಒಂದು ಕೇಂದ್ರದಲ್ಲಿ ಬರೆದಳು. ಬರೆದಳು ಅನ್ನುವುದೂ ತಪ್ಪು. ಕೂತು ಉಸಿರು ಬಿಡುವುದರೊಳಗೆ ಪರದೆ ಕೆಂಪಾಯಿತಂತೆ. 'ಬೇರೆ ಕಿಟಕಿ ತೆರೆದ ಕಾರಣ ಪರೀಕ್ಷೆ ರದ್ದಾಗಿದೆ' ಎಂದು ಬಂತಂತೆ. ಅವಳನ್ನು ಎಬ್ಬಿಸಿ ಹೊರಗೆ ಕಳಿಸಿದರು.

ಕಚೇರಿಯಲ್ಲಿ ನಗಾಡಿದರು. "ಏನ್ರೀ ಅಕ್ಕಾರ, ಇಂಟರ್ನೆಟ್‌ನ್ಯಾಗ ಕಾಪಿ ಹೊಡಿಯಾಕ ಹೋಗಿದ್ರಂತ?"

ಅವಳಿಗೆ ಇಂಟರ್ನೆಟ್ ಎಲ್ಲಿಂದ ತೆರೆಯುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ತಾನು ಏನು ಮಾಡಿದೆ ಎನ್ನುವುದೂ ಗೊತ್ತಿರಲಿಲ್ಲ. ಉಳಿದದ್ದು ಒಂದೇ ಅವಕಾಶ. ಅದು ನಮ್ಮ ಕೇಂದ್ರದಲ್ಲೇ ಬಿತ್ತು.

ಭಾನುವಾರ ಕೇಂದ್ರ ಖಾಲಿ ಇರುತ್ತಿತ್ತು. ಗಬ್ಬೂರಿನ ಬಸ್ಸು ಹಿಡಿದು ಅತ್ತೆ ಕಲಿಯಲು ಬರತೊಡಗಿದಳು. ನಿಧಾನ, ಆದರೆ ಒಮ್ಮೆ ಕಲಿತದ್ದನ್ನು ಬಿಡುತ್ತಿರಲಿಲ್ಲ. ಪತ್ರ ಟೈಪ್ ಮಾಡುವುದು, ಅಕ್ಷರ ದಪ್ಪ ಮಾಡುವುದು, ಕೋಷ್ಟಕ ಹಾಕುವುದು ಎಲ್ಲ ಬಂತು. ಒಂದು ಭಾನುವಾರ ಮಾದರಿ ಪರೀಕ್ಷೆ ತೆರೆದುಕೊಟ್ಟು ಅವಳ ಹಿಂದೆ ನಿಂತೆ. ಅವಳು ಸೆರಗು ಸರಿಮಾಡಿಕೊಂಡು ಕೂತಳು. ಮರುಕ್ಷಣ ಪರದೆಯ ಮೇಲೆ ಇಂಟರ್ನೆಟ್ ನೋಡುವ ಬ್ರೌಸರ್ ತೆರೆದು ನಿಂತಿತು, ಅದರ ಹಿಂದೆಯೇ ಆ ಕೆಂಪು ಸಾಲು ಬಂತು.

ಅತ್ತೆ ಪರದೆಯ ಕಡೆ ಬೆರಳು ಮಾಡಿದಳು. "ಇದೇ ನೋಡು. ಮಾನ್ವ್ಯಾಗೂ ಹಿಂಗ ಆತು. ನಾ ಏನೂ ಮುಟ್ಟಿಲ್ಲ ಮಗಳ."

"ಈಗ ಏನ್ ಮಾಡಿದಿ, ಅದನ್ನ ಇನ್ನೊಮ್ಮೆ ಮಾಡು."

"ಕೈ ಮುಗದೆ ಅಷ್ಟ. ಅದೂ ತಪ್ಪೇನು?"

ಎರಡೂ ಅಂಗೈಯನ್ನು ಕೀಬೋರ್ಡಿನ ಮೇಲೆ ಪೂರಾ ಊರಿ, ಕಣ್ಣಿಗೆ ಒತ್ತಿಕೊಂಡು ತೋರಿಸಿದಳು. ಕುಡುಗೋಲು ಹಿಡಿಯುವ ಮುಂಚೆ ಮುಟ್ಟಿ ಮುಗಿಯುವುದಿಲ್ಲವೇ, ಹಾಗೆ. ನಮ್ಮಲ್ಲಿ ಅನ್ನ ಕೊಡುವ ಯಾವ ವಸ್ತುವನ್ನೂ ಮುಗಿಯದೆ ಮುಟ್ಟುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಮೊದಲ ದಿನ ನಾನೂ ಮುಗಿದಿದ್ದೆ. ಆದರೆ ಅವಳ ಎಡಗೈ ಬೀಳುತ್ತಿದ್ದದ್ದು ಮೇಲಿನ ಸಾಲಿನ 'ಎಫ್ ಒನ್' ಬಟನ್ನಿನ ಮೇಲೆ. ಅದು ಸಹಾಯ ಕೇಳುವ ಬಟನ್. ಅದನ್ನು ಒತ್ತಿದರೆ ಕಂಪ್ಯೂಟರಿನ ಜೊತೆಗೇ ಬಂದಿರುವ ಬ್ರೌಸರ್ ತಾನಾಗಿ ತೆರೆದುಕೊಳ್ಳುತ್ತದೆ. ಪರೀಕ್ಷೆಯ ಸಾಫ್ಟ್‌ವೇರಿಗೆ ಅದೇ ಬೇರೆ ಕಿಟಕಿ, ಅದೇ ಕಾಪಿ.

ಗೊತ್ತಾದ ಮೇಲೆ ನನ್ನ ಅಂಜಿಕೆ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಮುಗಿಯಬೇಡ ಎಂದು ಹೇಳಿದೆ. ಆ ದಿನ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಳು. ಮುಂದಿನ ಭಾನುವಾರ ಮಾದರಿ ಪರೀಕ್ಷೆ ತೆರೆಯುತ್ತಲೇ ಕೈ ತಾನೇ ಹೋಯಿತು. ಮತ್ತೆ ಕೆಂಪು.

"ಮುಗೀಬ್ಯಾಡ, ಮುಗೀಬ್ಯಾಡ ಅಂತ ನೆನಸ್ಕೋತ ಕುಂತ್ರ ಕಲತದ್ದೆಲ್ಲ ಮರತು ಹೋಗ್ತದ" ಅಂದಳು.

"ಟೇಬಲ್ಲಿಗೆ ಮುಗಿ ಹಂಗಾರ."

"ಟೇಬಲ್ ಏನ್ ಟೈಪ್ ಮಾಡತದೇನು?"

ಕೇಂದ್ರದ ಮಾಲೀಕರ ಹತ್ತಿರ ಹೋಗಿ ಹೇಳಿದೆ. ಅವರು ವಯಸ್ಸಾದವರು, ನಾವು ಸರ್ ಅನ್ನುತ್ತಿದ್ದೆವು. ಅವರು ಆ ಬಟನ್ನನ್ನೇ ಕಿತ್ತುಬಿಡು ಅಂದರು. ಆಮೇಲೆ ಅವರೇ, ಬಟನ್ ಇಲ್ಲದ ಕೀಬೋರ್ಡ್ ಕಂಡರೆ ತಪಾಸಣೆಗೆ ಬಂದವರು ಕೇಂದ್ರಕ್ಕೇ ಬೀಗ ಹಾಕುತ್ತಾರೆ ಅಂದರು. ಹಾಗಾದರೆ ಬ್ರೌಸರನ್ನೇ ತೆಗೆಯುತ್ತೇನೆ ಎಂದು ನಾನು ಹೊರಟೆ. ಅತ್ತೆಗೆ ಯಾವ ಮಷೀನು ಸಿಗುತ್ತದೋ ಗೊತ್ತಿಲ್ಲವಾದ್ದರಿಂದ ಎಲ್ಲದರಿಂದಲೂ ತೆಗೆಯಬೇಕು. ಸರ್ ಒಪ್ಪಿದರು.

ತೆಗೆಯುವುದು ಅಷ್ಟು ಸಲೀಸಾಗಿರಲಿಲ್ಲ. ಬೇರೆ ಎಲ್ಲ ಪ್ರೋಗ್ರಾಮುಗಳ ಮುಂದಿರುವ ತೆಗೆಯುವ ಗುಂಡಿ ಒತ್ತಿದರೆ ಕೆಲಸ ಮಾಡುತ್ತದೆ. ಇದರ ಮುಂದೆ ಮಾತ್ರ ಅದು ಬೂದಿ ಬಣ್ಣದಲ್ಲಿ ಸತ್ತು ಬಿದ್ದಿತ್ತು. ಒಂದು ವಿಡಿಯೋದಲ್ಲಿ ಒಬ್ಬಾತ ಒಂದು ಆದೇಶ ಟೈಪ್ ಮಾಡಿ ಅದನ್ನು ಬುಡಸಮೇತ ಕಿತ್ತು ತೋರಿಸಿದ್ದ. ಪರೀಕ್ಷೆಯ ಹಿಂದಿನ ದಿನ ಮುಂಜಾನೆ ಕೂತು ಅದನ್ನೇ ಎಲ್ಲ ಮಷೀನುಗಳಲ್ಲಿ ಟೈಪ್ ಮಾಡಿದೆ. ಬ್ರೌಸರಿನ ಗುರುತು ಮಾಯವಾಯಿತು. 'ಎಫ್ ಒನ್' ಒತ್ತಿದರೆ ಏನೂ ಇಲ್ಲ. ಎದೆ ಹಗುರಾಗಿ ಚಹಾ ಕುಡಿದು ಬಂದೆ. ಬಂದು ಮಾದರಿ ಪರೀಕ್ಷೆ ತೆರೆದರೆ ಪರದೆ ಬೆಳ್ಳಗಿತ್ತು.

ಪ್ರಶ್ನೆ ಇಲ್ಲ, ಹೆಸರು ಇಲ್ಲ, ಬರೀ ಬಿಳಿ. ಪಕ್ಕದ ಮಷೀನು, ಅದರ ಪಕ್ಕದ್ದು, ಎಲ್ಲ ಬಿಳಿ. ಪ್ರಶ್ನೆಗಳನ್ನು ಪರದೆಯ ಮೇಲೆ ಮೂಡಿಸುವುದಕ್ಕೆ ಪರೀಕ್ಷೆಯ ಸಾಫ್ಟ್‌ವೇರು ಆ ಬ್ರೌಸರಿನದೇ ಒಳಭಾಗವೊಂದನ್ನು ಬಳಸುತ್ತಿತ್ತು. ನಾನು ಬುಡಸಮೇತ ಕೀಳುವಾಗ ಅದೂ ಕಿತ್ತು ಬಂದಿತ್ತು.

ಸರ್ ಬಂದು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬಾಗಲಾ ಮುಚ್ಚು ಅಂದ್ರ ಕಣ್ಣ ಕಿತ್ತಿಯಲ್ಲವಾ" ಅಂದರು. "ನಾಳಿಗೆ ಪರೀಕ್ಷಾ ಆಗಲಿಲ್ಲಂದ್ರ ಕೇಂದ್ರನೂ ಇಲ್ಲ, ನೀನೂ ಇಲ್ಲ."

ನನ್ನ ಕೆಲಸದ ನೆನಪು ಆಮೇಲೆ ಬಂತು. ಮೊದಲು ಕಣ್ಣಿಗೆ ಬಂದದ್ದು ಗಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ಇಸ್ತ್ರಿ ಸೀರೆ ಉಟ್ಟು ನಿಂತ ಅತ್ತೆ. ಅವಳ ಎರಡನೇ ಅವಕಾಶ ನನ್ನ ಕೈಯಿಂದಲೇ ಹಾಳಾದರೆ ನಾನು ಕಲ್ಮಲಕ್ಕೆ ಯಾವ ಮುಖ ತಗೊಂಡು ಹೋಗಲಿ? ನನ್ನ ಓದಿನ ಬೆಲೆ ಏನು ಹಾಗಾದರೆ?

ಒಂದೊಂದೇ ಮಷೀನಿಗೆ ಬ್ರೌಸರನ್ನು ಮತ್ತೆ ಹಾಕುತ್ತ ಹೋದೆ. ಒಳಭಾಗವೂ ಮರಳಿತು, ಪ್ರಶ್ನೆಗಳು ಮೂಡಿದವು. 'ಎಫ್ ಒನ್' ಒತ್ತಿದರೆ ಬ್ರೌಸರೂ ಜಿಗಿದು ಬಂತು. ಕೂತು ಯೋಚಿಸಿದೆ. ಬ್ರೌಸರಿನ ಹೆಸರು ಬೇರೆ, ಒಳಭಾಗದ ಹೆಸರು ಬೇರೆ. ಎರಡೂ ಇರಲಿ, ಬ್ರೌಸರಿನ ಹೆಸರಿಗೆ ಮಾತ್ರ ಓಡಬಾರದು ಎಂದು ಕಂಪ್ಯೂಟರಿಗೆ ನಿಯಮ ಬರೆದರಾಯಿತು. ಬರೆದೆ. ಬಟನ್ ಒತ್ತಿದರೆ 'ಇದನ್ನು ತೆರೆಯಲು ಅನುಮತಿ ಇಲ್ಲ' ಎಂಬ ಸಣ್ಣ ಪೆಟ್ಟಿಗೆ ಬಂತು. ಅದೂ ಒಂದು ಕಿಟಕಿಯೇ, ಪರದೆ ಮತ್ತೆ ಕೆಂಪಾಯಿತು. ಅಳು ಬಂತು. ಮುಖ ತೊಳೆದು ಬಂದು, ಬ್ರೌಸರನ್ನು ಕರೆದರೆ ಅದು ತೆರೆಯದೆ ಸದ್ದಿಲ್ಲದೆ ಹಿಂದಿರುಗುವಂತೆ ಆ ನಿಯಮವನ್ನು ಬೇರೆ ರೀತಿ ಬರೆದೆ. ಆಗ ಪೆಟ್ಟಿಗೆಯೂ ಬರಲಿಲ್ಲ, ಬ್ರೌಸರೂ ಬರಲಿಲ್ಲ. ಪ್ರಶ್ನೆಗಳು ಮಾತ್ರ ಇದ್ದವು.

ಬೆರಳಿನಿಂದ ಒತ್ತಿ ನೋಡಿದರೆ ಸಾಲದು ಅನ್ನಿಸಿತು. ಅತ್ತೆಯ ಹಾಗೆಯೇ ಎರಡೂ ಅಂಗೈ ಊರಿ, ಕಣ್ಣಿಗೆ ಒತ್ತಿಕೊಂಡು, ಒಂದು ಮಷೀನಿನಿಂದ ಇನ್ನೊಂದಕ್ಕೆ ಹೋದೆ. ಬಾಗಿಲಲ್ಲಿ ನಿಂತ ಸರ್, "ಏನವಾ, ಪೂಜಿ ನಡಿಸಿಯೇನು? ಮಂಗಳಾರತಿ ಯಾವಾಗ?" ಅಂದರು. ನಗು ಬರಲಿಲ್ಲ ನನಗೆ.

ಪರೀಕ್ಷೆಯ ದಿನ, ಬರೆಯುವವರಲ್ಲಿ ನಮ್ಮತ್ತೆ ಇದ್ದಾಳೆಂದು ಮೇಲ್ವಿಚಾರಕರಿಗೆ ಮೊದಲೇ ಹೇಳಿದೆ. ಬ್ರೌಸರ್ ತೆರೆಯದಂತೆ ಮಾಡಿದ್ದನ್ನೂ ಹೇಳಿದೆ. ಒಳ್ಳೆಯದೇ ಆಯಿತು, ನೀವು ಹೊರಗಿರಿ ಅಂದರು. ಬಾಗಿಲಿನ ಗಾಜಿನ ಆಚೆ ನಿಂತೆ. ಆಗ ಇನ್ನೊಂದು ಅಂಜಿಕೆ ಹೊಕ್ಕಿತು. ಈ ಬ್ರೌಸರ್ ಆಗಾಗ ತಾನೇ ಅಪ್‌ಡೇಟ್ ಆಗಿ ಹೊಸದಾಗುತ್ತದೆ, ಹೊಸದಾದಾಗ ಹಳೆಯ ನಿಯಮ ಉಳಿಯುತ್ತದೋ ಇಲ್ಲವೋ. ಮುಂಜಾನೆ ಮತ್ತೆ ಪರೀಕ್ಷಿಸಬೇಕಿತ್ತು. ಈಗ ಒಳಗೆ ಹೋಗುವಂತಿಲ್ಲ.

ಅತ್ತೆ ಕಿಟಕಿಯ ಸಾಲಿನಲ್ಲಿ ಕೂತಳು. ಬೆನ್ನು ಮಾತ್ರ ಕಾಣುತ್ತಿತ್ತು, ಪರದೆಯ ಒಂದು ಮೂಲೆ ಕಾಣುತ್ತಿತ್ತು. ಕೈ ಮಡಿಲಲ್ಲಿತ್ತು. ಮುಗೀಬ್ಯಾಡ ಅತ್ತಿ, ಮುಗೀಬ್ಯಾಡ, ಎಂದು ನಾನು ಗಾಜಿಗೆ ಬಾಯಿ ಹಚ್ಚಿ ಅನ್ನುತ್ತಿದ್ದೆ. ಕೈ ಎದ್ದಿತು. ಎರಡೂ ಅಂಗೈ ಕೀಬೋರ್ಡಿನ ಮೇಲೆ ಊರಿದವು. ಕಣ್ಣಿಗೆ ಹೋದವು.

ಮೇಲ್ವಿಚಾರಕರು ಅವಳ ಕಡೆ ನಡೆದರು. ಬಗ್ಗಿ ಏನೋ ಕೇಳಿದರು, ಅತ್ತೆ ಏನೋ ಹೇಳಿದಳು. ಇನ್ನು ಎಬ್ಬಿಸುತ್ತಾರೆ ಅಂದುಕೊಂಡೆ. ಅವರು ಎಬ್ಬಿಸಲಿಲ್ಲ. ಮುಂದಿನ ಸಾಲಿಗೆ ಹೋದರು. ಪರದೆಯ ಮೂಲೆ ಕೆಂಪಾಗಲಿಲ್ಲ. ಅತ್ತೆಯ ಭುಜ ನಿಧಾನವಾಗಿ ಅಲುಗತೊಡಗಿತು. ಅವಳು ಟೈಪ್ ಮಾಡುತ್ತಿದ್ದಳು.

ಹೊರಗೆ ಬಂದು ಕಳ್ಳಿಯ ಹಾಗೆ ನೋಡಿದಳು. "ಮುಗದಬಿಟ್ಟೆ ಮಗಳ. ತಡಕೊಳ್ಳಾಕ ಆಗ್ಲಿಲ್ಲ."

"ಕಂಡೆ. ಅವರೇನ್ ಕೇಳಿದ್ರು?"

"ಆರಾಮ ಇಲ್ಲೇನ್ರೀ ಅಂದ್ರು. ಅಂಜಿಕಿ ಬರಾಕತ್ತದ್ರೀ, ಅಷ್ಟ ಅಂದೆ."

ಪ್ರಮಾಣಪತ್ರ ಕೇಂದ್ರಕ್ಕೆ ಬಂದಾಗ ಅತ್ತೆಯನ್ನು ಕಲ್ಮಲಕ್ಕೇ ಬರಹೇಳಿದೆ. ಅಪ್ಪ ಆಗಾಂಗಿಲ್ಲ ಅಂದ ಅದೇ ಕಟ್ಟೆಯ ಮೇಲೆ, ಅವನೆದುರಿಗೆ ಅವಳ ಕೈಗೆ ಕೊಟ್ಟೆ. ಅವಳು ತಗೊಂಡು ಮಡಿಲಲ್ಲಿಟ್ಟು ಎರಡೂ ಅಂಗೈ ಅದರ ಮೇಲೆ ಊರಲು ಹೋದವಳು ತಟ್ಟನೆ ಕೈ ಹಿಂದಕ್ಕೆ ತಗೊಂಡಳು. ನನ್ನ ಮುಖ ನೋಡಿದಳು.

ಅಪ್ಪ ಅವಳ ಪಕ್ಕಕ್ಕೆ ಸರಿದು ಕೂತ.

"ಮುಗಿಯವಾ, ತಂಗಿ. ಇದನ್ನ ಇನ್ನ ಯಾರೂ ರದ್ದ ಮಾಡಾಂಗಿಲ್ಲ."